ಹಿರಿಯರು ಮನೆಯಲ್ಲಿ ಬೀಳದಂತೆ: ಬಚ್ಚಲು, ಹೊಸ್ತಿಲು, ಮೆಟ್ಟಿಲುಗಳ ಸುಧಾರಣೆ

ವಯಸ್ಸಾದವರು ಮನೆಯಲ್ಲಿ ಬಿದ್ದ ಸುದ್ದಿ ಬಂದಾಗ ನಮ್ಮ ಗ್ರಾಮಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ‘ವಯಸ್ಸಾಯಿತು’, ‘ಕಾಲು ಜಾರಿತು’. ಮೊದಲನೆಯದಕ್ಕೆ ಯಾರ ಬಳಿಯೂ ಪರಿಹಾರವಿಲ್ಲ, ಎರಡನೆಯದಕ್ಕೆ ಇದೆ. ಕಾಲು ಜಾರಿದ್ದು ಎಲ್ಲಿ, ಯಾವ ಹೊತ್ತಿನಲ್ಲಿ, ಎಂತಹ ನೆಲದ ಮೇಲೆ ಎಂದು ವಿಚಾರಿಸಿದರೆ ಪಾಚಿಗಟ್ಟಿದ ಬಚ್ಚಲು, ಎತ್ತರ ತಪ್ಪಿದ ಮೆಟ್ಟಿಲು ಅಥವಾ ಬೆಳಕಿಲ್ಲದ ಹಿತ್ತಿಲ ದಾರಿ ಕಾರಣವಾಗಿರುವುದು ತಿಳಿದುಬರುತ್ತದೆ. ಇವೆಲ್ಲವೂ ಒಬ್ಬ ಗಾರೆ ಕೆಲಸದವರು ಒಂದು ದಿನದಲ್ಲಿ ಸರಿಪಡಿಸಬಹುದಾದ ಸಂಗತಿಗಳು. ಅವು ಯಾವುವು, ಅವನ್ನು ಹೇಗೆ ಸರಿಪಡಿಸಬೇಕು ಮತ್ತು ಯಾರ ಮನೆಯಿಂದ ಆರಂಭಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬಿದ್ದು ಮೃತಪಡುತ್ತಾರೆ. ಆಕಸ್ಮಿಕ ಗಾಯಗಳಿಂದ ಸಂಭವಿಸುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ. ಈ ಸಾವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ನಮ್ಮಂತಹ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆ. 65 ವರ್ಷ ದಾಟಿದವರಲ್ಲಿ ವರ್ಷಕ್ಕೆ ಶೇಕಡಾ 28ರಿಂದ 35ರಷ್ಟು ಮಂದಿ ಒಮ್ಮೆಯಾದರೂ ಬೀಳುತ್ತಾರೆಂದು ಅದೇ ಸಂಸ್ಥೆಯ 2007ರ ವರದಿ ತಿಳಿಸುತ್ತದೆ.

ಈ ಅಂಕಿಗಳನ್ನು ಒಂದು ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರು ಶೇಕಡಾ 9.5ರಷ್ಟಿದ್ದರು. ಈ ಲೆಕ್ಕದಂತೆ 6,000 ಜನರಿರುವ ಪಂಚಾಯಿತಿಯಲ್ಲಿ ಸುಮಾರು 570 ಹಿರಿಯರಿರುತ್ತಾರೆ. ಅವರಲ್ಲಿ 65 ದಾಟಿದವರು 350 ಎಂದು ಇಟ್ಟುಕೊಂಡರೂ ವರ್ಷಕ್ಕೆ ಸುಮಾರು ನೂರು ಮಂದಿ ಬೀಳುತ್ತಾರೆಂದಾಯಿತು. ಎಲ್ಲರಿಗೂ ಪೆಟ್ಟಾಗುವುದಿಲ್ಲ. ಆದರೆ ಸೊಂಟದ ಬಳಿ ತೊಡೆಯ ಮೂಳೆ ಮುರಿದುಕೊಂಡವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಪೆಟ್ಟಾಗದವರಲ್ಲಿಯೂ ಭಯ ಉಳಿಯುತ್ತದೆ. ಭಯದಿಂದ ಓಡಾಟ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದಂತೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಮುಂದಿನ ಬಾರಿ ಬೀಳುವುದು ಇನ್ನಷ್ಟು ಸುಲಭವಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಮತ್ತೊಂದು ಮುಖವಿದೆ. ಗುಬ್ಬಿಯ ಯುವಕರು ರೈಲಿನಲ್ಲಿ, ಕುಣಿಗಲ್‌ನವರು ಹೆದ್ದಾರಿಯ ಬಸ್ಸುಗಳಲ್ಲಿ ಬೆಂಗಳೂರಿಗೂ ತುಮಕೂರು ನಗರಕ್ಕೂ ದುಡಿಮೆಗೆ ಹೋಗುತ್ತಾರೆ. ಹಲವರು ಅಲ್ಲಿಯೇ ನೆಲೆಸಿದ್ದಾರೆ. ಹಗಲಿಡೀ ಹಿರಿಯರೊಬ್ಬರೇ ಇರುವ ಮನೆಗಳು ಹೆಚ್ಚುತ್ತಿವೆ. ಅಂತಹ ಮನೆಯಲ್ಲಿ ಬಿದ್ದವರು ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿರುತ್ತಾರೆಂಬುದೂ ಗಾಯದಷ್ಟೇ ಗಂಭೀರವಾದ ಪ್ರಶ್ನೆ.

ದೇಹ ತೂಕ ತಪ್ಪುವುದು ಹೇಗೆ

ನಿಂತಿರುವ ಮನುಷ್ಯನ ಭಾರ ಎರಡು ಪಾದಗಳ ನಡುವಿನ ಕಿರಿದಾದ ಜಾಗದೊಳಗೆ ಇಳಿಯುತ್ತಿರಬೇಕು. ಅದು ಆಚೆಗೆ ಸರಿದ ಕ್ಷಣದಲ್ಲಿಯೇ ಕಾಲು ಮುಂದಿಟ್ಟು ಅಥವಾ ಕೈ ಊರಿ ಸರಿಪಡಿಸಿಕೊಳ್ಳಬೇಕು. ಈ ಸರಿಪಡಿಕೆಗೆ ಮೆದುಳು ಮೂರು ಮೂಲಗಳಿಂದ ಮಾಹಿತಿ ಪಡೆಯುತ್ತದೆ: ಕಣ್ಣು, ಒಳಕಿವಿ ಮತ್ತು ಪಾದದ ಸ್ಪರ್ಶ. ಕಣ್ಣಿನಲ್ಲಿ ಪೊರೆ ಬೆಳೆದರೆ ಒಂದು ಮೂಲ ಮಂಕಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದರೆ ಇನ್ನೊಂದು ಮೂಲ ಕುಂದುತ್ತದೆ. ಪಾವಗಡದಂತಹ ತಾಲ್ಲೂಕುಗಳಲ್ಲಿ ಅಂತರ್ಜಲದ ಫ್ಲೋರೈಡ್ ಕಾರಣದಿಂದ ಕೀಲುಗಳು ಬಿಗಿದವರಿಗೆ ಕಾಲನ್ನು ಬೇಗನೆ ಮುಂದಿಡುವುದೇ ಕಷ್ಟ.

ಹೀಗಾಗಿ ಹಗಲಿನಲ್ಲಿ ಕಣ್ಣಿನ ಆಧಾರದಿಂದ ಸಲೀಸಾಗಿ ನಡೆಯುವ ಹಿರಿಯರು ರಾತ್ರಿ ಅದೇ ಮನೆಯಲ್ಲಿ ಮುಗ್ಗರಿಸುತ್ತಾರೆ. ದೇಹದ ಈ ಕೊರತೆಗಳನ್ನು ಪೂರ್ಣವಾಗಿ ನೀಗಿಸಲಾಗದಿದ್ದರೂ ಮನೆಯು ಅವುಗಳ ಪರೀಕ್ಷೆ ಮಾಡದಂತೆ ನೋಡಿಕೊಳ್ಳಬಹುದು.

ಮನೆಯಲ್ಲಿ ಗಮನಿಸಬೇಕಾದ ಜಾಗಗಳು

ಬಚ್ಚಲು: ನೀರು ನಿಂತ ನುಣುಪು ನೆಲದಲ್ಲಿ ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ನೀರಿನ ಪದರ ಏರ್ಪಡುತ್ತದೆ; ಸಾಬೂನು ಸೇರಿದರೆ ಹಿಡಿತ ಇಲ್ಲವಾಗುತ್ತದೆ. ಮೊದಲ ಕೆಲಸ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯುವುದು ಮತ್ತು ಮೋರಿಯ ಕಡೆಗೆ ನೀರು ತಾನಾಗಿ ಹರಿಯುವಂತೆ ಇಳಿಜಾರನ್ನು ಸರಿಪಡಿಸುವುದು. ಹೊಸದಾಗಿ ನೆಲ ಹಾಕಿಸುವವರು ಹೊಳಪಿನ ಟೈಲ್ಸ್ ಬದಲು ಒರಟು ಮೈಯ ಟೈಲ್ಸ್ ಆರಿಸಬೇಕು. ಸಿಮೆಂಟ್ ನೆಲವಾದರೆ ಗಾರೆ ಗಟ್ಟಿಯಾಗುವ ಮೊದಲು ಪೊರಕೆ ಎಳೆದು ಗೀರು ಮೂಡಿಸಿದರೆ ಸಾಕು. ಸ್ನಾನಕ್ಕೆ ಅಗಲ ಕಾಲುಗಳ, ಅಲುಗಾಡದ ಸ್ಟೂಲ್ ಇರಲಿ. ಹಂಡೆಯಿಂದ ಬಿಸಿನೀರು ಎತ್ತಿ ತರುವ ಕೆಲಸವನ್ನು ಹಿರಿಯರಿಗೆ ಬಿಡದೆ ಬಕೆಟ್ಟನ್ನು ಸ್ಟೂಲಿನ ಪಕ್ಕಕ್ಕೆ ಮೊದಲೇ ತಂದಿಡಬೇಕು.

ಶೌಚಾಲಯ: ಸ್ವಚ್ಛ ಭಾರತ ಮಿಷನ್ 2014ರಲ್ಲಿ ಆರಂಭವಾದ ನಂತರ ನಮ್ಮ ಗ್ರಾಮಗಳಲ್ಲಿ ಮನೆಮನೆಗೆ ಶೌಚಾಲಯಗಳಾಗಿವೆ. ಅನೇಕ ಮನೆಗಳಲ್ಲಿ ಅದು ಹಿತ್ತಿಲಲ್ಲಿದೆ. ಗುಂಡಿಗೆ ಮಲ ಸರಾಗವಾಗಿ ಹರಿಯಬೇಕಾದ್ದರಿಂದ ಅದರ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ ಎರಡು ಮೂರು ಮೆಟ್ಟಿಲು ಕಟ್ಟಲಾಗಿರುತ್ತದೆ. ಮೆಟ್ಟಿಲಿಗೆ ಹಿಡಿಕೆ ಇರುವುದು ಅಪರೂಪ. ಬಾಗಿಲು ಹೊರಕ್ಕೆ ತೆರೆದಾಗ ನಿಲ್ಲಲು ಜಾಗವೂ ಇರುವುದಿಲ್ಲ. ಹಿರಿಯರು ರಾತ್ರಿ ಎರಡು ಬಾರಿ ಎದ್ದರೆ ಎರಡು ಬಾರಿಯೂ ಈ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಇಲ್ಲಿ ಮೂರು ಸುಧಾರಣೆಗಳು ಅಗತ್ಯ: ಮೆಟ್ಟಿಲ ಪಕ್ಕದಲ್ಲಿ ಕಬ್ಬಿಣದ ಕೊಳವೆಯ ಹಿಡಿಕೆ, ಹಿಂಬಾಗಿಲಿನಿಂದ ಶೌಚಾಲಯದವರೆಗೆ ಬೆಳಕು, ಒಳಗೆ ಎದ್ದು ನಿಲ್ಲಲು ಆಧಾರ. ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಪ್ಯಾನಿನ ಮೇಲೆ ಇಡುವ, ನಡುವೆ ರಂಧ್ರವಿರುವ ಕಮೋಡ್ ಕುರ್ಚಿಗಳು ದೊರೆಯುತ್ತವೆ. ಅದರ ಕಾಲುಗಳ ರಬ್ಬರ್ ಸವೆದಿಲ್ಲವೆಂದು ಆಗಾಗ ನೋಡಬೇಕು.

ಹೊಸ್ತಿಲು: ಹಳೆಯ ಮನೆಗಳ ಹೊಸ್ತಿಲು ಎತ್ತರ, ಪೂಜ್ಯವೂ ಹೌದು. ಅದನ್ನು ಕೀಳಿಸಬೇಕಾಗಿಲ್ಲ. ಹೊಸ್ತಿಲಿಗೆ ಹಚ್ಚುವ ಅರಿಶಿನವು ನೆಲದ ಬಣ್ಣದಿಂದ ಅದನ್ನು ಬೇರ್ಪಡಿಸಿ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಮಂದ ದೃಷ್ಟಿಯವರಿಗೆ ಈ ಗೆರೆ ನಿಜವಾದ ಸಹಾಯ. ಅರಿಶಿನ ಹಚ್ಚದ ಒಳಬಾಗಿಲುಗಳಲ್ಲಿ ಹಳದಿ ಬಣ್ಣದ ಪಟ್ಟಿಯನ್ನು ಬಳಿಯಬಹುದು. ಬಾಗಿಲ ಚೌಕಟ್ಟಿಗೆ ಒಂದು ಹಿಡಿಕೆ ಹಾಕಿಸಿದರೆ ದಾಟುವುದು ಸುಲಭ. ವಾಕರ್ ಅಥವಾ ಗಾಲಿಕುರ್ಚಿ ಬಳಸುವವರ ಮನೆಗೆ ಇಳಿಜಾರು ಬೇಕಾದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಎಂಬ ಲೆಕ್ಕವನ್ನು ಮರೆಯಬಾರದು. ಆರು ಅಂಗುಲದ ಎತ್ತರಕ್ಕೆ ಆರು ಅಡಿ ಉದ್ದ ಬೇಕು. ಎರಡು ಅಡಿಯಲ್ಲಿ ಮುಗಿಸಿದ ಕಡಿದಾದ ಇಳಿಜಾರು ಮೆಟ್ಟಿಲಿಗಿಂತಲೂ ಅಪಾಯಕಾರಿ.

ಮೆಟ್ಟಿಲು: ಹತ್ತುವವರ ಕಾಲು ಮೊದಲ ಎರಡು ಮೆಟ್ಟಿಲುಗಳ ಎತ್ತರವನ್ನು ಗ್ರಹಿಸಿ ಉಳಿದವೂ ಅಷ್ಟೇ ಇರುತ್ತವೆಂದು ನಂಬುತ್ತದೆ. ಒಂದು ಮೆಟ್ಟಿಲು ಅರ್ಧ ಅಂಗುಲ ಹೆಚ್ಚಾದರೂ ಬೆರಳ ತುದಿ ತಗಲುತ್ತದೆ. ಆದ್ದರಿಂದ ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರ, ಸಾಧ್ಯವಾದಷ್ಟು ಆರು ಅಂಗುಲ, ಇರಬೇಕು. ಪ್ರತಿ ಮೆಟ್ಟಿಲ ಅಂಚಿಗೆ ಎರಡು ಅಂಗುಲ ಅಗಲದ ಬಣ್ಣದ ಪಟ್ಟಿ ಬಳಿಯುವುದು ಕಡಿಮೆ ಖರ್ಚಿನ ಉತ್ತಮ ಕ್ರಮ.

ನಡೆಯುವ ದಾರಿ: ಗೋಣಿಚೀಲದ ಕಾಲೊರಸು, ಹಳೆಯ ಸೀರೆಯ ಮಡಿಕೆ, ಮೊಬೈಲ್ ಚಾರ್ಜರ್ ತಂತಿ, ಕರು ಕಟ್ಟಿದ ಹಗ್ಗ, ಒಣಹಾಕಿದ ಅಡಿಕೆ, ಸುಲಿದು ಬಿಟ್ಟ ತೆಂಗಿನ ಮಟ್ಟೆ: ಇವು ಮುಗ್ಗರಿಸಲು ಸಾಮಾನ್ಯ ಕಾರಣಗಳು. ಅಡಿಕೆ, ರಾಗಿ ಒಕ್ಕಣೆಯ ದಿನಗಳಲ್ಲಿಯೂ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಒಂದು ದಾರಿಯನ್ನಾದರೂ ಮೂರು ಅಡಿ ಅಗಲ ಖಾಲಿ ಬಿಡಬೇಕು. ನಿತ್ಯ ಬಳಸುವ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ ಸೊಂಟದೆತ್ತರದಲ್ಲಿ ಇಡಬೇಕು. ಹಿರಿಯರು ಸ್ಟೂಲು ಹತ್ತುವ ಪ್ರಸಂಗವೇ ಬರಬಾರದು.

ಬೆಳಕು: ಸ್ವಿಚ್ಚು ಬಾಗಿಲ ಬಳಿಯಿದ್ದು ಹಾಸಿಗೆ ಮೂಲೆಯಲ್ಲಿದ್ದರೆ ಹಿರಿಯರು ಕತ್ತಲಲ್ಲಿ ನಡೆದೇ ದೀಪ ಹಾಕಬೇಕು. ಹಾಸಿಗೆಯ ಪಕ್ಕಕ್ಕೆ ಒಂದು ಸ್ವಿಚ್ಚು ತರಿಸುವುದು ಅಥವಾ ರಾತ್ರಿಯಿಡೀ ಉರಿಯುವ ಸಣ್ಣ ಎಲ್‌ಇಡಿ ದೀಪ ಹಾಕುವುದು ಪರಿಹಾರ. ವಿದ್ಯುತ್ ಹೋದಾಗ ತಾನಾಗಿ ಉರಿಯುವ ರೀಚಾರ್ಜ್ ಬಲ್ಬ್ ಒಂದನ್ನು ಬಚ್ಚಲ ದಾರಿಯಲ್ಲಿ ಹಾಕಬಹುದು. ಟಾರ್ಚ್ ದಿಂಬಿನ ಪಕ್ಕದಲ್ಲಿರಲಿ.

ಹಿಡಿಕೆ ಅಳವಡಿಸುವ ಕ್ರಮ

ಹಿಡಿಕೆಯು ಬೀಳುತ್ತಿರುವ ಮನುಷ್ಯನ ಪೂರ್ಣ ಭಾರವನ್ನು ಒಮ್ಮೆಲೇ ತಡೆಯಬೇಕು. ಟವೆಲ್ ಹಾಕುವ ಸಲಾಕೆ, ನಲ್ಲಿ, ಬಾಗಿಲ ಚಿಲಕ ಇವು ಆ ಭಾರಕ್ಕೆ ಕಿತ್ತುಬರುತ್ತವೆ. ಹಿಡಿದವರಿಗೆ ದೊರೆತ ಭರವಸೆಯೇ ಅಪಾಯವಾಗುತ್ತದೆ.

ಹಿಡಿಕೆಯ ಕೊಳವೆ ಮುಷ್ಟಿಯಲ್ಲಿ ಪೂರ್ಣ ಹಿಡಿಯುವಷ್ಟು, ಅಂದರೆ ಸುಮಾರು 40 ಮಿಲಿಮೀಟರ್ ದಪ್ಪ ಇರಬೇಕು. ಗೋಡೆಗೂ ಕೊಳವೆಗೂ ನಡುವೆ 50 ಮಿಲಿಮೀಟರ್ ಅಂತರವಿರಬೇಕು. ಎತ್ತರವನ್ನು ಪುಸ್ತಕದ ಅಳತೆಯಿಂದ ನಿರ್ಧರಿಸುವುದಕ್ಕಿಂತ ಬಳಸುವವರಿಂದಲೇ ಗುರುತಿಸುವುದು ಲೇಸು: ನೆಲ ಒಣಗಿರುವಾಗ ಹಿರಿಯರು ಕುಳಿತು ಏಳಲಿ, ಅವರ ಕೈ ತಾನಾಗಿ ಚಾಚುವ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಬೇಕು.

ಗೋಡೆಯ ಬಗೆಯನ್ನು ನೋಡಿ ಜೋಡಣೆ ನಿರ್ಧರಿಸಬೇಕು. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆ್ಯಂಕರ್ ಬೋಲ್ಟ್ ಹಿಡಿಯುತ್ತದೆ. ಈಚಿನ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಟೊಳ್ಳು ಸಿಮೆಂಟ್ ಬ್ಲಾಕ್ ಗೋಡೆಯಲ್ಲಿ ಅದೇ ಬೋಲ್ಟ್ ಕಿತ್ತುಬರುತ್ತದೆ. ಅಲ್ಲಿ ಬ್ಲಾಕಿನ ಟೊಳ್ಳನ್ನು ಕಾಂಕ್ರೀಟಿನಿಂದ ತುಂಬಬೇಕು ಅಥವಾ ಬೋಲ್ಟನ್ನು ಗೋಡೆಯ ಆಚೆಗೆ ತೂರಿಸಿ ಅಲ್ಲಿ ಕಬ್ಬಿಣದ ತಗಡು ಕೊಟ್ಟು ಬಿಗಿಯಬೇಕು. ಮಣ್ಣಿನ ಗೋಡೆಯನ್ನು ನಂಬಲಾಗದು. ಅಂತಹ ಕಡೆ ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಜಿಐ ಕೊಳವೆಯ ಕಂಬ ನಿಲ್ಲಿಸುವುದೇ ಸರಿ. ಕೆಲಸ ಮುಗಿದ ಮೇಲೆ ಗಟ್ಟಿಮುಟ್ಟಾದ ಒಬ್ಬರು ಪೂರ್ಣ ಭಾರ ಹಾಕಿ ಜಗ್ಗಿ ಪರೀಕ್ಷಿಸಿದ ನಂತರವೇ ಹಿರಿಯರಿಗೆ ಬಿಟ್ಟುಕೊಡಬೇಕು.

ದೇಹದ ಸಿದ್ಧತೆ

ವ್ಯಾಯಾಮವು ಬೀಳುವಿಕೆಯನ್ನು ಶೇಕಡಾ 23ರಷ್ಟು ತಗ್ಗಿಸುತ್ತದೆಂದು ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ, 108 ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಾಮರ್ಶೆ ತಿಳಿಸುತ್ತದೆ. ಇದಕ್ಕೆ ಯಂತ್ರಗಳು ಬೇಕಿಲ್ಲ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಹತ್ತು ಬಾರಿ ಕುಳಿತು ಏಳುವುದು. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕಂಬದ ಆಧಾರದಲ್ಲಿ ಒಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ದಿನವೂ ಮನೆಯವರೊಬ್ಬರು ಪಕ್ಕದಲ್ಲಿರುವಾಗ ಇವನ್ನು ಮಾಡಿದರೆ ಕೆಲವು ತಿಂಗಳುಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ರಕ್ತದೊತ್ತಡ, ನಿದ್ರೆ ಮತ್ತು ಮನಸ್ಸಿಗೆ ಸಂಬಂಧಿಸಿದ ಕೆಲವು ಔಷಧಿಗಳು ತಲೆಸುತ್ತು ತರಬಲ್ಲವು. ಮಲಗಿದವರು ತಟಕ್ಕನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆಗೂಡುವುದುಂಟು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಕಾಲು ಆಡಿಸಿ, ನಂತರ ಏಳುವುದನ್ನು ರೂಢಿಸಿಕೊಳ್ಳಬೇಕು. ಔಷಧಿಯನ್ನು ಸ್ವತಃ ನಿಲ್ಲಿಸಬಾರದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುತ್ತದೆ. ‘ಈ ವಯಸ್ಸಿನಲ್ಲಿ ಏಕೆ’ ಎಂದು ಮುಂದೂಡಬಾರದು. ಅಟ್ಟೆ ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ, ಒರಟು ಅಟ್ಟೆಯ ಚಪ್ಪಲಿ ಕೊಡಿಸಬೇಕು. ಸೀರೆಯ ನೆರಿಗೆ, ಪಂಚೆಯ ಅಂಚು ಪಾದಕ್ಕೆ ಸಿಲುಕದಷ್ಟು ಮೇಲಿರಲಿ.

ಬಿದ್ದಾಗ ಮಾಡಬೇಕಾದದ್ದು

ಬಿದ್ದವರನ್ನು ಕೂಡಲೇ ಕಂಕುಳಿಗೆ ಕೈಹಾಕಿ ಎತ್ತಬಾರದು. ನೋವು ಎಲ್ಲಿದೆ, ಕಾಲು ಆಡುತ್ತದೆಯೇ ಎಂದು ಕೇಳಬೇಕು. ಒಂದು ಕಾಲು ಗಿಡ್ಡವಾಗಿ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ತೊಡೆಯ ಮೂಳೆ ಮುರಿದಿರುವ ಸಂಭವ ಹೆಚ್ಚು. ಆಗ ಎಬ್ಬಿಸಿ ನಡೆಸದೆ, ಎಣ್ಣೆ ಹಚ್ಚಿ ನೀವದೆ, 108ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ಮೂಳೆಗೆ ಕಟ್ಟು ಹಾಕಿಸುವ ರೂಢಿ ಹಳೆಯದು. ಆದರೆ ಸೊಂಟದ ಬಳಿಯ ಮುರಿತವು ಹೊರಗಿನ ಕಟ್ಟಿಗೆ ನಿಲುಕುವಂಥದ್ದಲ್ಲ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು, ಅದೂ ಸಾಧ್ಯವಾದರೆ ಎರಡು ದಿನಗಳೊಳಗೆ. ಕಟ್ಟು ಹಾಕಿಸಿ ವಾರಗಟ್ಟಲೆ ಮಲಗಿಸಿದರೆ ಬೆನ್ನಹುಣ್ಣು, ಶ್ವಾಸಕೋಶದ ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಪ್ರಾಣಕ್ಕೆ ತರುವ ಅಪಾಯ ಮುರಿತಕ್ಕಿಂತ ದೊಡ್ಡದು. ತಲೆಗೆ ಪೆಟ್ಟಾದವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ನೋವಿಲ್ಲದವರು ಪಕ್ಕಕ್ಕೆ ಹೊರಳಿ, ಕೈ ಮತ್ತು ಮಂಡಿಗಳ ಮೇಲೆ ಬಂದು, ಗಟ್ಟಿ ಕುರ್ಚಿಯ ಕಡೆಗೆ ಅಂಬೆಗಾಲಿಟ್ಟು, ಅದನ್ನು ಹಿಡಿದು ಏಳಬಹುದು. ಒಂಟಿಯಾಗಿರುವವರು ಮೊಬೈಲನ್ನು ಗೋಡೆಯ ಮೊಳೆಗೆ ನೇತುಹಾಕದೆ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಬೇಕು. ಬಿದ್ದವರ ಕೈಗೆ ಮೊಳೆ ಎಟಕುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತು ಮೀರಿದರೆ ನೆರೆಮನೆಯವರು ಕೂಗಿ ವಿಚಾರಿಸುವ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಬಚ್ಚಲ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕವಿರಲಿ.

ಯಾರ ಮನೆಯಿಂದ ಆರಂಭಿಸಬೇಕು

ಮನೆಯ ಅಪಾಯಗಳನ್ನು ಸರಿಪಡಿಸುವುದರಿಂದ ಆಗುವ ಪ್ರಯೋಜನವನ್ನು ಕುರಿತು ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪರಾಮರ್ಶೆಯು ಪಂಚಾಯಿತಿಗಳಿಗೆ ಬಹಳ ಉಪಯುಕ್ತ. ಒಟ್ಟಾರೆ ಬೀಳುವಿಕೆ ಶೇಕಡಾ 26ರಷ್ಟು ಕಡಿಮೆಯಾಯಿತು. ಈಗಾಗಲೇ ಒಮ್ಮೆ ಬಿದ್ದವರು, ಆಸ್ಪತ್ರೆಯಿಂದ ಈಚೆಗೆ ಮರಳಿದವರು, ನಿತ್ಯದ ಕೆಲಸಕ್ಕೆ ಸಹಾಯ ಬೇಕಾದವರು, ಇಂತಹ ಹೆಚ್ಚಿನ ಅಪಾಯದವರಲ್ಲಿ ಇಳಿಕೆ ಶೇಕಡಾ 38ರಷ್ಟಿತ್ತು. ಅಪಾಯ ಕಡಿಮೆಯಿರುವವರ ಮನೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಎಲ್ಲ ಮನೆಗಳಿಗೂ ಒಂದೊಂದು ಹಿಡಿಕೆ ಹಂಚುವುದಕ್ಕಿಂತ ಅಗತ್ಯ ಹೆಚ್ಚಿರುವ ಮನೆಯನ್ನು ಪೂರ್ಣವಾಗಿ ಸರಿಪಡಿಸುವುದು ಮೇಲು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು:

1. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ?
2. ನಿಂತಾಗ ಅಥವಾ ನಡೆಯುವಾಗ ತೂಕ ತಪ್ಪಿದಂತಾಗುತ್ತದೆಯೇ?
3. ಬೀಳುತ್ತೇನೆಂಬ ಭಯವಿದೆಯೇ?

ಒಂದಕ್ಕಾದರೂ ‘ಹೌದು’ ಎಂದವರ ಪಟ್ಟಿಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿಡಬೇಕು. ಬಿದ್ದದ್ದನ್ನು ಹಿರಿಯರು ಮರೆಮಾಚುವುದು ಸಾಮಾನ್ಯ. ಹೇಳಿದರೆ ಓಡಾಟಕ್ಕೆ ತಡೆ ಬೀಳುತ್ತದೆಂಬ ಅಳುಕು ಅವರಿಗಿರುತ್ತದೆ. ಆದ್ದರಿಂದ ಅವರು ತಮ್ಮ ಕಾಲ ಮೇಲೆ ಓಡಾಡುತ್ತಿರಬೇಕೆಂಬುದಕ್ಕಾಗಿಯೇ ಕೇಳುತ್ತಿದ್ದೇವೆಂದು ಮೊದಲೇ ತಿಳಿಸಬೇಕು. ಊರುಗೋಲು, ವಾಕರ್‌ಗಳಿಗೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ನೆರವು ಪಡೆಯಬಹುದು. ಈ ಕುರಿತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಮಾಹಿತಿ ದೊರೆಯುತ್ತದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಉಚಿತವಾಗಿದೆ.

ಪಂಚಾಯಿತಿಯ ಸ್ವಂತ ಹೊಣೆಯೂ ಇದೆ. ಸಿಸಿ ರಸ್ತೆಯ ಮೇಲೆ ಮತ್ತೆ ಸಿಸಿ ಹಾಕಿದಾಗ ರಸ್ತೆ ಎತ್ತರವಾಗಿ ಮನೆಯ ಬಾಗಿಲು ತಗ್ಗಿಗೆ ಬೀಳುತ್ತದೆ; ಹಳೆಯ ಮೆಟ್ಟಿಲುಗಳ ಲೆಕ್ಕ ತಪ್ಪುತ್ತದೆ. ಅಂದಾಜು ಪಟ್ಟಿ ತಯಾರಿಸುವಾಗಲೇ ಬಾಗಿಲ ಮಟ್ಟಗಳನ್ನು ಅಳೆದು, ಅಗತ್ಯವಿದ್ದಲ್ಲಿ ಹಳೆಯ ಪದರ ತೆಗೆಯುವುದನ್ನು ಸೇರಿಸಬೇಕು. ಕೊಳವೆಗಾಗಿ ಅಗೆದ ಕಾಲುವೆಯನ್ನು ರಸ್ತೆಯ ಮಟ್ಟಕ್ಕೆ ಮುಚ್ಚಿದ್ದನ್ನು ನೋಡಿಯೇ ಬಿಲ್ಲಿಗೆ ಶಿಫಾರಸು ಮಾಡಬೇಕು. ಚರಂಡಿಯ ಅಲುಗುವ ಹಾಸುಗಲ್ಲು, ನಲ್ಲಿ ಕಟ್ಟೆಯ ಪಾಚಿ, ಕೆಟ್ಟ ಬೀದಿದೀಪ ಇವನ್ನು ಸರಿಪಡಿಸುವಾಗ ಪಟ್ಟಿಯಲ್ಲಿರುವ ಹಿರಿಯರ ಬೀದಿಗಳಿಗೆ ಆದ್ಯತೆ ನೀಡಬೇಕು. ಪಂಚಾಯಿತಿ ಕಚೇರಿ ಮತ್ತು ನ್ಯಾಯಬೆಲೆ ಅಂಗಡಿಯ ಮೆಟ್ಟಿಲುಗಳಿಗೆ ಎರಡೂ ಬದಿ ಹಿಡಿಕೆ ಇರಬೇಕು.

ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಸದಸ್ಯರಲ್ಲಿ ಮತ್ತು ಸಹೋದ್ಯೋಗಿಗಳಲ್ಲಿ ಕೋರಿಕೆ. ಪ್ರತಿ ವಾರ್ಡ್‌ನಲ್ಲಿ ಮೊದಲಿಗೆ ಐದು ಮನೆಗಳನ್ನು ಆರಿಸಿ, ಅಲ್ಲಿನ ಹಿರಿಯರನ್ನೇ ಕೇಳಿ, ಅವರು ತೋರಿಸಿದ ಜಾಗದಿಂದ ಕೆಲಸ ಆರಂಭಿಸೋಣ. ಆರು ತಿಂಗಳ ನಂತರ ಅದೇ ಮನೆಗಳಿಗೆ ಮತ್ತೆ ಹೋಗಿ, ಹಿಡಿಕೆ ಬಿಗಿಯಾಗಿದೆಯೇ, ದೀಪ ಉರಿಯುತ್ತಿದೆಯೇ, ಅಜ್ಜ ಅಜ್ಜಿಯರು ಮತ್ತೆ ಬಿದ್ದರೇ ಎಂದು ವಿಚಾರಿಸಿ ಬರೆದಿಡೋಣ. ಮುಂದಿನ ಐದು ಮನೆಗಳಿಗೆ ಆ ದಾಖಲೆಯೇ ಮಾರ್ಗದರ್ಶಿಯಾಗುತ್ತದೆ.